ಮೂಡುದಾರಿ, ಪಡುದಾರಿ: ಮೈಕೇಲ್ ಫ್ಯಾರಡೆ ಪದ ಹುಡುಕಿದ ಬಗೆ

ಕಳೆದ ವರ್ಷದ ಬೋಧನಾಭ್ಯಾಸದ ಮೂರನೆಯ ವಾರ. ಪ್ರೌಢಶಾಲೆಯೊಂದರ ಹತ್ತನೆಯ ತರಗತಿಯಲ್ಲಿ ನಮ್ಮ ಪ್ರಶಿಕ್ಷಣಾರ್ಥಿಯೊಬ್ಬರು ವಿದ್ಯುದ್ವಿಭಜನೆಯಿಂದ ತಾಮ್ರವನ್ನು ಶುದ್ಧೀಕರಿಸುವ ಪಾಠ ಮಾಡುತ್ತಿದ್ದರು. ನಾನು ಕೊನೆಯ ಬೆಂಚಿನಲ್ಲಿ ವೀಕ್ಷಣಾ ಪುಸ್ತಕ ತೆರೆದು ಕುಳಿತಿದ್ದೆ. ಪಾಠಯೋಜನೆ ಅಚ್ಚುಕಟ್ಟಾಗಿತ್ತು, ಚಾರ್ಟು ಚೆನ್ನಾಗಿತ್ತು. ಕಪ್ಪುಹಲಗೆಯ ಮೇಲೆ ಆನೋಡ್ ಎಂದು ಬರೆದು ಪಕ್ಕದಲ್ಲಿ ಧನಾಗ್ರ, ಕ್ಯಾಥೋಡ್ ಎಂದು ಬರೆದು ಪಕ್ಕದಲ್ಲಿ ಋಣಾಗ್ರ ಎಂದು ಬರೆದರು. ಮಕ್ಕಳು ಬರೆದುಕೊಂಡರು. ಆಗ ಎರಡನೆಯ ಸಾಲಿನ ಒಬ್ಬ ಹುಡುಗಿ ಎದ್ದು ನಿಂತಳು. ಪಿಯುಸಿ ಓದುತ್ತಿರುವ ಅವಳ ಅಣ್ಣನ ಪುಸ್ತಕದಲ್ಲಿ ವಿದ್ಯುತ್ಕೋಶದ ಚಿತ್ರವಿದೆಯಂತೆ. ಅಲ್ಲಿ ಸತುವಿನ ಪಟ್ಟಿಗೆ ಆನೋಡ್ ಎಂದು ಹೆಸರು ಬರೆದು ಅದಕ್ಕೇ ಮೈನಸ್ ಗುರುತು ಹಾಕಿದ್ದಾರಂತೆ. ಧನಾಗ್ರ ಎಂದ ಮೇಲೆ ಮೈನಸ್ ಹೇಗೆ ಎಂಬುದು ಅವಳ ಪ್ರಶ್ನೆ.

ಪ್ರಶಿಕ್ಷಣಾರ್ಥಿ ನನ್ನ ಕಡೆ ನೋಡಿದರು. ನಾನು ಪುಸ್ತಕದ ಕಡೆ ನೋಡಿದೆ. ಉತ್ಕರ್ಷಣೆ ನಡೆಯುವ ಕಡೆಯೇ ಆನೋಡ್ ಎಂಬ ಸೂತ್ರ ನನಗೆ ಗೊತ್ತಿತ್ತು. ಆದರೆ ಅದು ಆ ಪ್ರಶ್ನೆಗೆ ಉತ್ತರವಲ್ಲ. ಅವಳು ಕ್ರಿಯೆಯನ್ನು ಕೇಳಿರಲಿಲ್ಲ, ಹೆಸರನ್ನು ಕೇಳಿದ್ದಳು. ನಾಳೆ ಚರ್ಚಿಸೋಣ ಎಂದು ಹೇಳಿ ಪಾಠ ಮುಂದುವರಿಯಿತು. ನಾನು ವೀಕ್ಷಣಾ ಪುಸ್ತಕದಲ್ಲಿ ವಿದ್ಯಾರ್ಥಿಗಳ ಪ್ರಶ್ನೆಗಳನ್ನು ಇನ್ನೂ ಸಮರ್ಪಕವಾಗಿ ನಿರ್ವಹಿಸಬೇಕು ಎಂದು ಷರಾ ಬರೆದೆ. ಆ ಸಾಲನ್ನು ಬರೆಯುವ ಅರ್ಹತೆ ಅಂದು ನನಗಿರಲಿಲ್ಲ ಎಂಬುದನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ.

ಆ ಸಂಜೆಯಿಂದ ನಾನು ಆನೋಡ್ ಎಂಬ ಪದದ ಮೂಲ ಹುಡುಕಲು ತೊಡಗಿದೆ. ಪದ ಹುಡುಕುತ್ತ ಹೋದವನು ಒಬ್ಬ ಮನುಷ್ಯನ ಜೀವನ ಓದಿ ಮುಗಿಸಿದೆ. ಆತ ಮೈಕೇಲ್ ಫ್ಯಾರಡೆ. ವಿದ್ಯುತ್ತಿನ ಪಾಠದಲ್ಲಿ ನಾವು ದಿನವೂ ಬಳಸುವ ಎಲೆಕ್ಟ್ರೋಡ್, ಆನೋಡ್, ಕ್ಯಾಥೋಡ್, ಅಯಾನು, ಎಲೆಕ್ಟ್ರೋಲೈಟ್ ಎಂಬ ಪದಗಳೆಲ್ಲ ಆತನ ಒಂದೇ ಪ್ರಬಂಧದಿಂದ, 1834ರಲ್ಲಿ, ಲೋಕಕ್ಕೆ ಬಂದವು. ಸೋಜಿಗವೆಂದರೆ ಈ ಪದಗಳೆಲ್ಲ ಗ್ರೀಕ್ ಮೂಲದವು, ಫ್ಯಾರಡೆಗೆ ಗ್ರೀಕ್ ಬರುತ್ತಿರಲಿಲ್ಲ.

ಬರುವುದಕ್ಕೆ ಅವಕಾಶವೇ ಇರಲಿಲ್ಲ. ಆತ ಹುಟ್ಟಿದ್ದು 1791ರ ಸೆಪ್ಟೆಂಬರ್ 22ರಂದು, ಲಂಡನ್ನಿನ ದಕ್ಷಿಣಕ್ಕಿದ್ದ ನ್ಯೂಯಿಂಗ್ಟನ್ ಬಟ್ಸ್ ಎಂಬಲ್ಲಿ. ತಂದೆ ಜೇಮ್ಸ್ ಕಮ್ಮಾರ, ಸದಾ ಕಾಯಿಲೆಯ ಮನುಷ್ಯ. ನಾಲ್ಕು ಮಕ್ಕಳಲ್ಲಿ ಇವನು ಮೂರನೆಯವನು. ಧಾನ್ಯದ ಬೆಲೆ ಏರಿದ ಕಾಲದಲ್ಲಿ ಒಂದು ರೊಟ್ಟಿಯನ್ನು ಕೊಟ್ಟು ವಾರವಿಡೀ ಇದರಲ್ಲೇ ಸಾಗಿಸು ಎಂದ ದಿನಗಳು ಆ ಮನೆಯಲ್ಲಿದ್ದವು. ಓದು, ಬರಹ, ಲೆಕ್ಕ, ಇಷ್ಟೇ ಅವನ ಶಾಲಾಶಿಕ್ಷಣ. ಅದೂ ಹೇಗೆ ಮುಗಿಯಿತೆಂಬುದಕ್ಕೆ ಅವನ ಚರಿತ್ರಕಾರರು ಒಂದು ಕಥೆ ಹೇಳುತ್ತಾರೆ. ಬಾಲಕ ಮೈಕೇಲನಿಗೆ ರಕಾರ ಹೊರಡುತ್ತಿರಲಿಲ್ಲ. ಅಣ್ಣ ರಾಬರ್ಟನನ್ನು ವಾಬರ್ಟ್ ಎಂದು ಕರೆಯುತ್ತಿದ್ದ. ಶಾಲೆಯ ಅಧ್ಯಾಪಕಿಗೆ ಇದು ಸಹಿಸಲಿಲ್ಲ. ಹೊಡೆದಾದರೂ ತಿದ್ದುತ್ತೇನೆಂದು ಅಣ್ಣನ ಕೈಗೇ ಅರ್ಧ ಪೆನ್ನಿ ಕೊಟ್ಟು ಬೆತ್ತ ತರಲು ಕಳಿಸಿದಳು. ರಾಬರ್ಟ್ ಆ ಕಾಸನ್ನು ಗೋಡೆಯಾಚೆ ಎಸೆದು ಮನೆಗೆ ಓಡಿ ತಾಯಿಗೆ ಹೇಳಿದ. ತಾಯಿ ಇಬ್ಬರನ್ನೂ ಶಾಲೆಯಿಂದ ಬಿಡಿಸಿದಳು. ಉಚ್ಚಾರಣೆ ತಿದ್ದುವ ಬಗೆಯನ್ನು ಕುರಿತು ನಮ್ಮ ಭಾಷಾಬೋಧನೆಯ ತರಗತಿಗಳಲ್ಲಿ ಎಷ್ಟೋ ಮಾತಾಡುತ್ತೇವೆ. ಈ ಒಂದು ಕಥೆಯನ್ನು ಅಲ್ಲಿ ಹೇಳಿದರೆ ಅರ್ಧ ಗಂಟೆ ಉಳಿಯುತ್ತದೆ ಎಂದು ನನಗನ್ನಿಸುತ್ತದೆ.

ಹದಿಮೂರನೆಯ ವಯಸ್ಸಿಗೆ ಮೈಕೇಲ್ ಪುಸ್ತಕದಂಗಡಿಯೊಂದರಲ್ಲಿ ಪತ್ರಿಕೆ ಹಂಚುವ ಹುಡುಗನಾದ. ಅಂಗಡಿಯ ಯಜಮಾನ ಜಾರ್ಜ್ ರೀಬೋ. ಮರುವರ್ಷ, 1805ರಲ್ಲಿ, ಅಲ್ಲಿಯೇ ಏಳು ವರ್ಷದ ಕರಾರಿನ ಮೇಲೆ ಪುಸ್ತಕ ಹೊಲಿಯುವ ಕೆಲಸ ಕಲಿಯಲು ಸೇರಿದ. ರಟ್ಟು ಕಟ್ಟಲು ಬಂದ ಪುಸ್ತಕಗಳನ್ನು ಕಟ್ಟುವ ಮೊದಲು ಓದುವುದು ಅವನ ಅಭ್ಯಾಸ. ಬ್ರಿಟಾನಿಕಾ ವಿಶ್ವಕೋಶದಲ್ಲಿ ವಿದ್ಯುತ್ತಿನ ಮೇಲಿದ್ದ ದೀರ್ಘ ಲೇಖನ ಹಾಗೆಯೇ ಕಣ್ಣಿಗೆ ಬಿತ್ತು. ಜೇನ್ ಮಾರ್ಸೆಟ್ ಎಂಬ ಮಹಿಳೆ ಗುರು ಶಿಷ್ಯೆಯರ ಸಂಭಾಷಣೆಯ ರೂಪದಲ್ಲಿ ಬರೆದಿದ್ದ ರಸಾಯನಶಾಸ್ತ್ರದ ಪುಸ್ತಕವೂ ಸಿಕ್ಕಿತು. ಓದಿದ್ದನ್ನು ಹಾಗೇ ನಂಬುವ ಜಾಯಮಾನ ಅವನದಲ್ಲ. ಕೈಗೆಟಕುವ ಕಾಸಿನಲ್ಲಿ ಆಗುವಷ್ಟು ಪ್ರಯೋಗಗಳನ್ನು ತಾನೇ ಮಾಡಿ ನೋಡಿದ. ಟೇಟಮ್ ಎಂಬುವರು ತಮ್ಮ ಮನೆಯಲ್ಲಿ ನಡೆಸುತ್ತಿದ್ದ ವಿಜ್ಞಾನ ಉಪನ್ಯಾಸಗಳಿಗೆ ತಲೆಗೆ ಒಂದು ಶಿಲಿಂಗ್ ಶುಲ್ಕ. ಅದನ್ನು ಕೊಟ್ಟವನು ಅದೇ ಅಣ್ಣ ರಾಬರ್ಟ್. ಅವನೂ ಅಷ್ಟು ಹೊತ್ತಿಗೆ ಕಮ್ಮಾರನಾಗಿದ್ದ.

1812ರಲ್ಲಿ ಅಂಗಡಿಯ ಗಿರಾಕಿಯೊಬ್ಬರು ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಹಂಫ್ರಿ ಡೇವಿಯವರ ನಾಲ್ಕು ಉಪನ್ಯಾಸಗಳಿಗೆ ಟಿಕೆಟು ಕೊಟ್ಟರು. ಫ್ಯಾರಡೆ ಟಿಪ್ಪಣಿ ಮಾಡಿಕೊಂಡ, ಚಿತ್ರ ಬರೆದ, ಶುದ್ಧಪ್ರತಿ ಮಾಡಿದ, ತಾನೇ ರಟ್ಟು ಕಟ್ಟಿದ. ಸುಮಾರು 300 ಪುಟದ ಆ ಪುಸ್ತಕವನ್ನು ವರ್ಷದ ಕೊನೆಗೆ ಡೇವಿಗೇ ಕಳಿಸಿ ಕೆಲಸ ಕೇಳಿದ. ಮುಂದೆ ಅಲ್ಲಿಯ ಸಹಾಯಕನೊಬ್ಬ ಜಗಳವಾಡಿ ಕೆಲಸ ಕಳೆದುಕೊಂಡಾಗ ಆ ಜಾಗ ಇವನಿಗೆ ಬಂತು. 1813ರ ಮಾರ್ಚಿನಿಂದ ವಾರದ ಸಂಬಳ, ಮಾಳಿಗೆಯಲ್ಲಿ ಎರಡು ಕೋಣೆ, ಜೊತೆಗೆ ಇದ್ದಿಲು ಮತ್ತು ಮೇಣದಬತ್ತಿ. ಅದೇ ವರ್ಷ ಡೇವಿ ದಂಪತಿಗಳ ಜೊತೆ ಯೂರೋಪ್ ಪ್ರವಾಸ. ಹೋದದ್ದು ವೈಜ್ಞಾನಿಕ ಸಹಾಯಕನಾಗಿ, ದಾರಿಯಲ್ಲಿ ಮಾಡಿದ್ದು ಬಹುಪಾಲು ಆಳಿನ ಕೆಲಸ. ಡೇವಿಯ ಹೆಂಡತಿ ಅವನನ್ನು ಸೇವಕರ ಜೊತೆ ಊಟಕ್ಕೆ ಕೂರಿಸುತ್ತಿದ್ದಳು. ಆದರೂ ಆ ಹದಿನೆಂಟು ತಿಂಗಳಲ್ಲಿ ಪ್ಯಾರಿಸಿನಲ್ಲಿ ಆಂಪೇರನನ್ನು, ಮಿಲಾನಿನಲ್ಲಿ ಮುದುಕ ವೋಲ್ಟಾನನ್ನು ಕಂಡ. ಒಂದೇ ಪ್ರವಾಸದಲ್ಲಿ ಆಂಪಿಯರ್, ವೋಲ್ಟ್ ಇಬ್ಬರನ್ನೂ ಕಂಡ ಈ ಹುಡುಗ ಮುಂದೆ ತಾನೇ ಫ್ಯಾರಡ್ ಆದ ಎಂದು ಹೇಳಿದರೆ ಏಕಮಾನಗಳ ಪಾಠದಲ್ಲಿ ಮಕ್ಕಳು ಕಿವಿ ನಿಮಿರಿಸುತ್ತಾರೆ.

ಇನ್ನು ನಮ್ಮಂಥವರಿಗೆ ಅತ್ಯಂತ ಹತ್ತಿರದ ಸಂಗತಿ. ಫ್ಯಾರಡೆ ಹುಟ್ಟು ಉಪನ್ಯಾಸಕನಲ್ಲ. ಕಲಿತು ಆದವನು. ಇಪ್ಪತ್ತೊಂದು ವರ್ಷದ ಸಹಾಯಕನಾಗಿದ್ದಾಗಲೇ ತನ್ನ ಗೆಳೆಯ ಬೆಂಜಮಿನ್ ಅಬಟ್‌ಗೆ ಬರೆದ ಪತ್ರಗಳಲ್ಲಿ ಉಪನ್ಯಾಸ ಕೋಣೆಯ ಆಕಾರ, ಗಾಳಿ ಬೆಳಕು, ಮಾತನಾಡುವವನ ನಿಲುವು, ಕೈಯ ಚಲನೆ, ಮೇಜಿನ ಮೇಲೆ ಉಪಕರಣ ಇಡುವ ಕ್ರಮ ಎಲ್ಲವನ್ನೂ ಪರಿಶೀಲಿಸಿದ್ದಾನೆ. ಕೆಲಸದ ಭಾಗವಾಗಿ ಬೇರೆಯವರ ಉಪನ್ಯಾಸಗಳಿಗೆ ಉಪಕರಣ ಜೋಡಿಸುತ್ತಿದ್ದವನು ಅವರ ತಪ್ಪುಗಳನ್ನು ನೋಡಿ ನೋಡಿ ಕಲಿತ. ನಮ್ಮ ಸಹಪಾಠಿ ವೀಕ್ಷಣೆ ಇದಕ್ಕಿಂತ ಬೇರೆಯೇನಲ್ಲ. ಆಮೇಲೆ ಬೆಂಜಮಿನ್ ಸ್ಮಾರ್ಟ್ ಎಂಬ ವಾಚನ ಶಿಕ್ಷಕರ ಬಳಿ ಪಾಠ ಹೇಳಿಸಿಕೊಂಡ. ತಾನೇ ಉಪನ್ಯಾಸ ಮಾಡುವಾಗ ಸಹಾಯಕನ ಕೈಯಲ್ಲಿ ಎರಡು ಚೀಟಿ ಕೊಟ್ಟಿರುತ್ತಿದ್ದ. ಮಾತು ಅವಸರವಾದರೆ ನಿಧಾನ ಎಂಬ ಚೀಟಿ ಅವನೆದುರು ಬರುತ್ತಿತ್ತು. ಗಂಟೆ ಮುಗಿಯುತ್ತ ಬಂದರೆ ಸಮಯ ಎಂಬ ಚೀಟಿ. ಯೂರೋಪಿಗೆಲ್ಲ ಹೆಸರಾದ ಮೇಲೂ ಈ ಚೀಟಿಗಳನ್ನು ಬಿಡಲಿಲ್ಲ. ಮಕ್ಕಳಿಗಾಗಿ ಕ್ರಿಸ್ಮಸ್ ರಜೆಯಲ್ಲಿ ನಡೆಯುತ್ತಿದ್ದ ಉಪನ್ಯಾಸ ಮಾಲೆಗಳಲ್ಲಿ 1827ರಿಂದ 1860ರ ಚಳಿಗಾಲದವರೆಗೆ ಹತ್ತೊಂಬತ್ತನ್ನು ಅವನೊಬ್ಬನೇ ನಡೆಸಿದ. ಒಂದು ಮೇಣದಬತ್ತಿಯನ್ನು ಹಚ್ಚಿ ಅದರಿಂದಲೇ ಇಡೀ ರಸಾಯನಶಾಸ್ತ್ರ ಕಲಿಸಿದ ಮಾಲೆ ಅವುಗಳಲ್ಲಿ ಪ್ರಸಿದ್ಧ. ರಕಾರ ಬಾರದೆ ಶಾಲೆ ಬಿಟ್ಟವನೇ ಇವನು.

ಸಂಶೋಧನೆಗಳನ್ನು ಪಠ್ಯಪುಸ್ತಕಗಳು ಹೇಳುವುದರಿಂದ ಬೇಗ ದಾಟುತ್ತೇನೆ. 1821ರಲ್ಲಿ ವಿದ್ಯುತ್ ಹರಿಯುವ ತಂತಿ ಕಾಂತದ ಸುತ್ತ ತಿರುಗುವಂತೆ ಮಾಡಿದ. ಇಂದಿನ ಮೋಟಾರಿನ ಬೀಜ ಅದು. ಅದೇ ವರ್ಷ ಸಾರಾ ಬರ್ನಾರ್ಡಳನ್ನು ಮದುವೆಯಾದ. 1824ರಲ್ಲಿ ರಾಯಲ್ ಸೊಸೈಟಿಯ ಸದಸ್ಯನಾದ, ಗುರು ಡೇವಿಯ ವಿರೋಧವಿದ್ದರೂ. 1825ರಲ್ಲಿ ಬೆಂಜೀನನ್ನು ಬೇರ್ಪಡಿಸಿದ. 1831ರ ಆಗಸ್ಟ್ 29ರಂದು ಕಬ್ಬಿಣದ ಬಳೆಯ ಎರಡು ಬದಿಗೆ ಸುತ್ತಿದ ತಂತಿಗಳಲ್ಲಿ ವಿದ್ಯುತ್ಕಾಂತೀಯ ಪ್ರೇರಣೆಯನ್ನು ಕಂಡ. ಶಿವನಸಮುದ್ರದಲ್ಲಿ 1902ರಲ್ಲಿ ತಿರುಗತೊಡಗಿ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಕಳಿಸಿದ ಯಂತ್ರಗಳೂ ಆ ತತ್ತ್ವದ ಮೇಲೆಯೇ ನಡೆದವು. ಮಾಡಿದ ಪ್ರತಿ ಪ್ರಯೋಗವನ್ನೂ ಅಂದಂದೇ ಬರೆದು ಪ್ಯಾರಾ ಪ್ಯಾರಾಗೂ ಕ್ರಮಸಂಖ್ಯೆ ಹಾಕುತ್ತಿದ್ದ. 1860ರ ಹೊತ್ತಿಗೆ ಆ ಸಂಖ್ಯೆ 16,000 ದಾಟಿತ್ತು. ದಾಖಲೆ ಪುಸ್ತಕವನ್ನು ಕೊನೆಯ ವಾರ ಒಟ್ಟಿಗೆ ಬರೆಯುವ ನಮ್ಮ ಕೆಲವು ಮಿತ್ರರಿಗಾಗಿ ಇದನ್ನು ಹೇಳಿದೆ.

ಈಗ ಪದಗಳ ವಿಷಯಕ್ಕೆ ಬರೋಣ.

1833ರಲ್ಲಿ ಫ್ಯಾರಡೆ ದ್ರಾವಣಗಳಲ್ಲಿ ವಿದ್ಯುತ್ ಹರಿದಾಗ ಏನಾಗುತ್ತದೆಂದು ಅಳೆಯುತ್ತಿದ್ದ. ಹರಿದ ವಿದ್ಯುತ್ತಿನ ಮೊತ್ತಕ್ಕೆ ತಕ್ಕಂತೆಯೇ ಬಿಡುಗಡೆಯಾಗುವ ವಸ್ತುವಿನ ರಾಶಿ ಎಂಬ ನಿಯಮ ಆಗಲೇ ಅವನ ಕೈಗೆ ಬಂತು. ಅಂದಿನ ಪಂಡಿತರು ದ್ರಾವಣದಲ್ಲಿ ಮುಳುಗಿಸಿದ ಲೋಹದ ಪಟ್ಟಿಗಳನ್ನು ಧ್ರುವಗಳು ಎಂದು ಕರೆಯುತ್ತಿದ್ದರು. ಕಾಂತದ ಧ್ರುವ ಕಬ್ಬಿಣವನ್ನು ಸೆಳೆಯುವಂತೆ ಈ ಧ್ರುವಗಳು ದ್ರಾವಣದ ಕಣಗಳನ್ನು ಎಳೆದು ಬಿಡಿಸುತ್ತವೆ ಎಂದು ಅವರ ಊಹೆ. ಫ್ಯಾರಡೆಗೆ ಇದರಲ್ಲಿ ಅನುಮಾನ. ಅವನು ಒಂದು ಸರಳ ಪರೀಕ್ಷೆ ಮಾಡಿದ. ಲವಣದ ದ್ರಾವಣದಲ್ಲಿ ಅದ್ದಿದ ಅರಿಶಿನದ ಕಾಗದ ಮತ್ತು ಲಿಟ್ಮಸ್ ಕಾಗದಗಳಿಗೆ ಲೋಹ ಮುಟ್ಟದಂತೆ, ಸೂಜಿಮೊನೆಗಳಿಂದ ಗಾಳಿಯ ಮೂಲಕವೇ ವಿದ್ಯುತ್ ಹಾಯಿಸಿದ. ಆದರೂ ಅರಿಶಿನದ ಕಾಗದ ಕೆಂಪಾಯಿತು, ಅಂದರೆ ಅಲ್ಲಿ ಕ್ಷಾರ ಬಿಡುಗಡೆಯಾಗಿತ್ತು. ಎಳೆಯಲು ಧ್ರುವವೇ ಇಲ್ಲ, ವಿಭಜನೆ ಮಾತ್ರ ನಡೆದಿದೆ. ನಮ್ಮ ಶಾಲೆಗಳಲ್ಲಿ ಸಾಬೂನಿನ ನೀರಿಗೆ ಅರಿಶಿನದ ಕಾಗದ ಅದ್ದಿ ಮಕ್ಕಳಿಗೆ ತೋರಿಸುವ ಅದೇ ಕೆಂಪು ಧ್ರುವವಾದವನ್ನು ಉರುಳಿಸಿತು.

ಹಾಗಾದ ಮೇಲೆ ಧ್ರುವ ಎಂಬ ಪದವನ್ನು ಇಟ್ಟುಕೊಳ್ಳುವುದು ಹೇಗೆ? ಪದವೇ ತಪ್ಪು ಸಿದ್ಧಾಂತವನ್ನು ಕಲಿಸುತ್ತದೆ. ಪದ ಇರುವವರೆಗೆ ಓದುಗನ ಮನಸ್ಸು ಸೆಳೆತದ ಕಡೆಗೇ ಜಾರುತ್ತದೆ. ಫ್ಯಾರಡೆಯ ದೃಷ್ಟಿಯಲ್ಲಿ ಆ ಪಟ್ಟಿಗಳು ಬರಿಯ ಬಾಗಿಲುಗಳು. ಒಂದರಿಂದ ವಿದ್ಯುತ್ ಒಳಗೆ ಹೋಗುತ್ತದೆ, ಇನ್ನೊಂದರಿಂದ ಹೊರಗೆ ಬರುತ್ತದೆ. ಧನ, ಋಣ ಎಂಬ ಪದಗಳೂ ಅವನಿಗೆ ಬೇಡವಾಗಿದ್ದವು. ವಿದ್ಯುತ್ತು ಒಂದು ದ್ರವವೋ ಎರಡೋ ಎಂಬ ಜಗಳ ಆಗ ಇನ್ನೂ ತೀರಿರಲಿಲ್ಲ. ಪ್ರವಾಹ ಎಂಬ ಮಾತನ್ನು ಕೂಡ ಎಚ್ಚರಿಕೆ ಹೇಳಿಯೇ ಬಳಸುತ್ತಿದ್ದ. ಏನೋ ಮುಂದುವರಿಯುತ್ತಿದೆ ಎಂಬಷ್ಟೇ ಅದರ ಅರ್ಥ, ನದಿಯಂತೆ ಹರಿಯುವ ವಸ್ತುವೊಂದಿದೆ ಎಂದು ತಿಳಿಯಬೇಡಿ ಎಂಬುದು ಅವನ ಷರತ್ತು. ನಾವು ಕರೆಂಟು ಹೋಯಿತು, ಕರೆಂಟು ಬಂತು ಎನ್ನುವಾಗ ಇಷ್ಟೆಲ್ಲ ಯೋಚಿಸುವುದಿಲ್ಲ. ಕರೆಂಟು ಎಂಬ ಪದ ಓಡು ಎಂಬರ್ಥದ ಲ್ಯಾಟಿನ್ ಧಾತುವಿನಿಂದ ಬಂದದ್ದಾದ್ದರಿಂದ ಹೋಗುವುದು ಬರುವುದು ಅದಕ್ಕೆ ಸಹಜವೇ.

ಹೊಸ ಪದ ಬೇಕಾಗಿತ್ತು, ಆದರೆ ಪದ ಕಟ್ಟಲು ಗ್ರೀಕ್ ಬೇಕು. ಫ್ಯಾರಡೆ ಮೊದಲು ತನ್ನ ವೈದ್ಯಮಿತ್ರ ವಿಟ್‌ಲಾಕ್ ನಿಕೋಲ್‌ರನ್ನು ಕೇಳಿದ. ಎಲೆಕ್ಟ್ರೋಡ್, ಎಲೆಕ್ಟ್ರೋಲೈಟ್ ಎಂಬ ಪದಗಳು ಆ ಸಮಾಲೋಚನೆಯಿಂದ ಬಂದವು. ಎಲೆಕ್ಟ್ರೋಡ್ ಎಂದರೆ ಎಲೆಕ್ಟ್ರಾನ್ ಮತ್ತು ಹೋಡೋಸ್, ವಿದ್ಯುತ್ತಿನ ದಾರಿ. ಕನ್ನಡದಲ್ಲಿ ಕೆಲವರು ಬಳಸುವ ವಿದ್ಯುದ್ವಾರ ಎಂಬ ಪದ ಫ್ಯಾರಡೆಯ ಬಾಗಿಲಿನ ಕಲ್ಪನೆಗೆ ಮೂಲಪದಕ್ಕಿಂತಲೂ ಹತ್ತಿರವಾಗಿದೆ. ಇದನ್ನು ಕಂಡಾಗ ನನಗೆ ಬಹಳ ಸಂತೋಷವಾಯಿತು. ಎಲೆಕ್ಟ್ರೋಲೈಟ್‌ನ ಉತ್ತರಾರ್ಧಕ್ಕೆ ಬಿಡಿಸು, ಸಡಿಲಿಸು ಎಂದರ್ಥ. ವಿದ್ಯುದ್ವಿಭಾಜ್ಯ ಎಂಬುದರಲ್ಲಿ ಅದೂ ಸರಿಯಾಗಿ ಬಂದಿದೆ.

ಎಲೆಕ್ಟ್ರಾನ್ ಎಂಬ ಗ್ರೀಕ್ ಪದಕ್ಕೆ ಆಗ ಇಂದಿನ ಅರ್ಥವಿರಲಿಲ್ಲ ಎಂಬುದನ್ನು ಮಕ್ಕಳಿಗೆ ಹೇಳಲೇಬೇಕು. ಅದು ಅಂಬರ್ ಎಂಬ ಹಳದಿ ಮರದಂಟಿನ ಹೆಸರು. ಉಜ್ಜಿದರೆ ಹುಲ್ಲುಕಡ್ಡಿಯನ್ನು ಸೆಳೆಯುತ್ತದೆ. ಸಂಸ್ಕೃತದಲ್ಲಿ ಅದಕ್ಕೆ ತೃಣಮಣಿ ಎಂಬ ಹೆಸರಿರುವುದೂ ಅದಕ್ಕೇ. 1600ರಲ್ಲಿ ವಿಲಿಯಂ ಗಿಲ್ಬರ್ಟ್ ಎಂಬ ಇಂಗ್ಲಿಷ್ ವೈದ್ಯ ಅಂಬರಿನಂತೆ ಸೆಳೆಯುವ ವಸ್ತುಗಳಿಗೆಲ್ಲ ಎಲೆಕ್ಟ್ರಿಕ್ ಎಂದು ಲ್ಯಾಟಿನ್ನಿನಲ್ಲಿ ಹೆಸರಿಟ್ಟ. ಯೂರೋಪಿನ ಪದ ಅಂಟಿನ ತುಂಡಿನಿಂದ ಹುಟ್ಟಿದರೆ ನಮ್ಮ ವಿದ್ಯುತ್ ಮಿಂಚಿನಿಂದ ಹುಟ್ಟಿತು. ದ್ಯುತ್ ಎಂದರೆ ಹೊಳೆ. ಮಿಂಚೂ ಉಜ್ಜಿದ ಅಂಬರಿನ ಕಿಡಿಯೂ ಒಂದೇ ಎಂದು ತಿಳಿಯಲು ಹದಿನೆಂಟನೆಯ ಶತಮಾನ ಬರಬೇಕಾಯಿತು.

ಮತ್ತೆ ಫ್ಯಾರಡೆಗೆ. ಒಳಗೆ ಹೋಗುವ ಬಾಗಿಲಿಗೆ ಐಸೋಡ್, ಹೊರಗೆ ಬರುವ ಬಾಗಿಲಿಗೆ ಎಕ್ಸೋಡ್ ಎಂದು ಮೊದಲು ಇಟ್ಟುಕೊಂಡಿದ್ದ. ಪ್ರಬಂಧವನ್ನು 1834ರ ಆರಂಭದಲ್ಲಿ ರಾಯಲ್ ಸೊಸೈಟಿಯಲ್ಲಿ ಓದಿಯೂ ಆಗಿತ್ತು. ಆದರೆ ಅವನಿಗೆ ಸಮಾಧಾನವಾಗಲಿಲ್ಲ. ಅಚ್ಚಾಗುವ ಮೊದಲೇ, ಏಪ್ರಿಲ್ 24ರಂದು, ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜಿನ ವಿಲಿಯಂ ಹ್ಯೂಯೆಲ್‌ಗೆ ಪತ್ರ ಬರೆದ. ಹ್ಯೂಯೆಲ್ ಗಣಿತ, ಭೂವಿಜ್ಞಾನ, ತತ್ತ್ವಶಾಸ್ತ್ರ, ಗ್ರೀಕ್ ಎಲ್ಲವನ್ನೂ ಬಲ್ಲ ಮಹಾಪಂಡಿತ. ಆದರೆ ಅವನೂ ಬಡಗಿಯ ಮಗ. ಕಮ್ಮಾರನ ಮಗ ಬಡಗಿಯ ಮಗನನ್ನು ಗ್ರೀಕ್ ಪದ ಕೇಳಿದ ಈ ಪತ್ರವ್ಯವಹಾರ ವಿಜ್ಞಾನದ ಚರಿತ್ರೆಯಲ್ಲಿ ನನಗೆ ತುಂಬ ಇಷ್ಟವಾದ ಭಾಗ.

ಫ್ಯಾರಡೆ ತನ್ನ ಕಷ್ಟವನ್ನು ಹೀಗೆ ತೋಡಿಕೊಂಡ. ಯಾವ ಸಿದ್ಧಾಂತಕ್ಕೂ ಅಂಟಿಕೊಳ್ಳದ, ನಾಳೆ ಸಿದ್ಧಾಂತ ಬದಲಾದರೂ ಬದಲಾಗದ ಗುರುತೊಂದು ಬೇಕು. ಅದಕ್ಕಾಗಿ ಅವನು ಭೂಮಿಯನ್ನೇ ಆಶ್ರಯಿಸಿದ. ಭೂಮಿಯ ಕಾಂತತ್ವವು ಭೂಮಿಯನ್ನು ಸುತ್ತುವ ವಿದ್ಯುತ್ಪ್ರವಾಹದಿಂದ ಬಂದಿದೆ ಎಂದು ಕಲ್ಪಿಸಿಕೊಂಡರೆ, ಆ ಪ್ರವಾಹ ಪೂರ್ವದಿಂದ ಪಶ್ಚಿಮಕ್ಕೆ, ಸೂರ್ಯ ಸಾಗುವಂತೆ ಕಾಣುವ ದಿಕ್ಕಿನಲ್ಲಿ, ಸಾಗಬೇಕು. ದ್ರಾವಣದ ತೊಟ್ಟಿಯನ್ನು ಅದರ ಪ್ರವಾಹವೂ ಅದೇ ದಿಕ್ಕಿಗೆ ಇರುವಂತೆ ಇಟ್ಟರೆ ವಿದ್ಯುತ್ ಒಳಹೋಗುವ ಬಾಗಿಲು ಪೂರ್ವಕ್ಕೂ ಹೊರಬರುವ ಬಾಗಿಲು ಪಶ್ಚಿಮಕ್ಕೂ ಇರುತ್ತದೆ. ಈ ಎರಡು ಬಾಗಿಲಿಗೆ ಹೆಸರೇನು? ಪೂರ್ವ, ಪಶ್ಚಿಮ ಎಂಬ ಇಂಗ್ಲಿಷ್ ಪದಗಳಿಗೇ ಗ್ರೀಕ್ ಬಾಲ ಕಟ್ಟಿ ಈಸ್ಟೋಡ್, ವೆಸ್ಟೋಡ್ ಎಂದರೆ ಪಂಡಿತರು ನಗುತ್ತಾರೆ ಎಂಬ ಅಳುಕು ಅವನಿಗಿತ್ತು.

ಹ್ಯೂಯೆಲ್ ಮರುದಿನವೇ ಉತ್ತರ ಬರೆದ. ಗ್ರೀಕಿನಲ್ಲಿ ಮೇಲಕ್ಕೆ ಹೋಗುವ ದಾರಿ ಆನೋಡೋಸ್, ಕೆಳಕ್ಕೆ ಇಳಿಯುವ ದಾರಿ ಕಾಥೋಡೋಸ್. ಸೂರ್ಯ ಏರುವ ಕಡೆ ಆನೋಡ್, ಸೂರ್ಯ ಇಳಿಯುವ ಕಡೆ ಕ್ಯಾಥೋಡ್.

ಇಲ್ಲಿ ಓದುವುದನ್ನು ನಿಲ್ಲಿಸಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಹ್ಯೂಯೆಲ್ ಗ್ರೀಕಿನಲ್ಲಿ ಯೋಚಿಸಿ ಕಟ್ಟಿದ್ದು ಕನ್ನಡದಲ್ಲಿ ಮೊದಲಿನಿಂದಲೇ ಇದೆ. ನಮ್ಮಲ್ಲಿ ಪೂರ್ವಕ್ಕೆ ಮೂಡಣ ಎನ್ನುತ್ತೇವೆ, ಸೂರ್ಯ ಮೂಡುವ ಕಡೆ. ಪಶ್ಚಿಮಕ್ಕೆ ಪಡುವಣ ಎನ್ನುತ್ತೇವೆ, ಸೂರ್ಯ ಪಡುವ, ಎಂದರೆ ಮುಳುಗುವ ಕಡೆ. ಆನೋಡ್ ಎಂದರೆ ಮೂಡುದಾರಿ, ಕ್ಯಾಥೋಡ್ ಎಂದರೆ ಪಡುದಾರಿ. ಹಳ್ಳಿಯ ಮಗುವಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಾನು ಪಠ್ಯಪುಸ್ತಕ ಬದಲಿಸಿ ಎನ್ನುತ್ತಿಲ್ಲ, ಪರೀಕ್ಷೆಯಲ್ಲಿ ಮಕ್ಕಳು ಪುಸ್ತಕದ ಪದವನ್ನೇ ಬರೆಯಲಿ. ಆದರೆ ಧನಾಗ್ರ, ಋಣಾಗ್ರ ಎಂದು ಅನುವಾದಿಸಿದಾಗ ಫ್ಯಾರಡೆ ಯಾವುದನ್ನು ಕಷ್ಟಪಟ್ಟು ಬಾಗಿಲಾಚೆ ಕಳಿಸಿದ್ದನೋ ಅದನ್ನೇ ನಾವು ಕಿಟಕಿಯಿಂದ ಒಳಗೆ ಕರೆದುಕೊಂಡೆವು. ಎರಡನೆಯ ಸಾಲಿನ ಹುಡುಗಿಯ ಗೊಂದಲ ಹುಟ್ಟಿದ್ದು ಅಲ್ಲಿ.

ಆನೋಡ್ ಎಂಬ ಹೆಸರು ದ್ರಾವಣದ ಒಳಗೆ ನಿಂತು ನೋಡುತ್ತದೆ. ದ್ರಾವಣಕ್ಕೆ ವಿದ್ಯುತ್ ಎಲ್ಲಿಂದ ಒಳಬರುತ್ತದೋ ಅದು ಆನೋಡ್. ಕೂಡು, ಕಳೆ ಎಂಬ ಗುರುತು ಹೊರಗಿನ ತಂತಿಯ ಕಡೆಯಿಂದ ನೋಡುತ್ತದೆ. ತಾಮ್ರ ಶುದ್ಧೀಕರಿಸುವ ತೊಟ್ಟಿಗೆ ಹೊರಗಿನ ಬ್ಯಾಟರಿ ವಿದ್ಯುತ್ ನೂಕುತ್ತದೆ. ಬ್ಯಾಟರಿಯ ಕೂಡು ತುದಿಗೆ ಕಟ್ಟಿದ ಪಟ್ಟಿಯಿಂದ ಅದು ದ್ರಾವಣಕ್ಕೆ ಇಳಿಯುತ್ತದೆ, ಹಾಗಾಗಿ ಅಲ್ಲಿ ಆನೋಡಿಗೆ ಕೂಡು ಗುರುತು. ಆದರೆ ಕೋಶವೇ ವಿದ್ಯುತ್ ಹುಟ್ಟಿಸುವಾಗ ಕೋಶದ ಒಳಗೆ ಪ್ರವಾಹ ಸತುವಿನಿಂದ ದ್ರಾವಣಕ್ಕೆ ಇಳಿದು ತಾಮ್ರದ ಕಡೆ ಸಾಗುತ್ತದೆ, ತಾಮ್ರದಿಂದ ಹೊರಬಿದ್ದು ತಂತಿಯಲ್ಲಿ ಸುತ್ತಿಕೊಂಡು ಮತ್ತೆ ಸತುವಿಗೆ ಬರುತ್ತದೆ. ತಂತಿಯ ಕಡೆಯಿಂದ ನೋಡಿದರೆ ಸತು ಕಳೆ ಗುರುತಿನದು. ದ್ರಾವಣದ ಕಡೆಯಿಂದ ನೋಡಿದರೆ ಅದೇ ಮೂಡಣದ ಬಾಗಿಲು. ಗುರುತು ತಿರುಗಿದರೂ ಹೆಸರು ತಿರುಗಲಿಲ್ಲ.

ಹ್ಯೂಯೆಲ್ ಕೊಟ್ಟ ಪದಗಳನ್ನು ಫ್ಯಾರಡೆ ತಕ್ಷಣ ಒಪ್ಪಲಿಲ್ಲ. ಲಂಡನ್ನಿನ ಮಿತ್ರರು ಒಬ್ಬೊಬ್ಬರು ಒಂದೊಂದು ಹೇಳಿದರು. ಬಲದ ದಾರಿ, ಎಡದ ದಾರಿ ಎಂಬರ್ಥದ ಪದಗಳನ್ನು ಕೆಲವರು ಮುಂದಿಟ್ಟರು. ಎಲ್ಲರನ್ನೂ ಮೆಚ್ಚಿಸಹೊರಟ ತಂದೆ, ಮಗ ಮತ್ತು ಕತ್ತೆಯ ಕಥೆಯಂತಾಯಿತು ತನ್ನ ಪಾಡು ಎಂದು ಫ್ಯಾರಡೆ ಆಮೇಲೆ ಬರೆದುಕೊಂಡ. ಹ್ಯೂಯೆಲ್ ಮೇ 5ರಂದು ಮತ್ತೆ ಬರೆದು ತನ್ನ ಜೋಡಿಯೇ ಸರಳ ಎಂದು ವಾದಿಸಿದ. ಜೊತೆಗೆ ಇನ್ನೂ ಮೂರು ಪದ ಕೊಟ್ಟ. ದ್ರಾವಣದಲ್ಲಿ ಚಲಿಸುವ ಕಣಕ್ಕೆ ಅಯಾನ್, ಅಂದರೆ ಹೋಗುತ್ತಿರುವುದು. ಮೂಡುದಾರಿಯ ಕಡೆ ಹೋಗುವುದು ಆನಯಾನ್, ಪಡುದಾರಿಯ ಕಡೆ ಹೋಗುವುದು ಕ್ಯಾಟಯಾನ್. ಮೇ 15ರ ಹೊತ್ತಿಗೆ ಫ್ಯಾರಡೆ ಎಲ್ಲವನ್ನೂ ಒಪ್ಪಿಕೊಂಡಿದ್ದ. ಆಕ್ಷೇಪಣೆ ಎತ್ತಿದವರಿಗೆ ಹ್ಯೂಯೆಲ್‌ನ ಹೆಸರು ಹೇಳಿದೊಡನೆ ಅವರ ದನಿ ಕರಗಿತು ಎಂದೂ ಅದರಲ್ಲಿ ತಿಳಿಸಿದ್ದಾನೆ. ಸ್ವತಃ ಫ್ಯಾರಡೆಯ ಹೆಸರು ಸಾಲದೆ ಗ್ರೀಕ್ ಬಲ್ಲವನ ಹೆಸರನ್ನು ಗುರಾಣಿಯಾಗಿ ಹಿಡಿಯಬೇಕಾಯಿತಲ್ಲ ಎಂದು ನನಗೆ ಸ್ವಲ್ಪ ಬೇಸರವಾಯಿತು. ಅವನಿಗೆ ಬೇಸರವಾದಂತೆ ಕಾಣುವುದಿಲ್ಲ.

ಹ್ಯೂಯೆಲ್‌ನ ಎಲ್ಲ ಪದಗಳನ್ನೂ ಫ್ಯಾರಡೆ ನುಂಗಿಕೊಂಡನೆಂದಲ್ಲ. ಇಂದು ನಾವು ವಿಜ್ಞಾನಿ ಎನ್ನುವುದಕ್ಕಿರುವ ಇಂಗ್ಲಿಷ್ ಪದ ಸೈಂಟಿಸ್ಟ್ ಕೂಡ ಹ್ಯೂಯೆಲ್‌ನ ಸೃಷ್ಟಿಯೇ, ಅದೇ 1834ರಲ್ಲಿ ಅಚ್ಚಾಯಿತು. ಫ್ಯಾರಡೆ ತನ್ನನ್ನು ತತ್ತ್ವಶೋಧಕನೆಂದು ಕರೆದುಕೊಂಡನೇ ಹೊರತು ಆ ಹೆಸರನ್ನು ಬಳಸಲಿಲ್ಲ. ಫಿಸಿಸಿಸ್ಟ್ ಎಂಬ ಪದವಂತೂ ತನ್ನ ಬಾಯಿಗೂ ಕಿವಿಗೂ ಒಗ್ಗುವುದಿಲ್ಲವೆಂದು ನೇರವಾಗಿ ಬರೆದ. ಒಂದೇ ಪದದಲ್ಲಿ ಮೂರು ಸಲ ಇಕಾರ ಬಂದರೆ ಹೇಗೆ ಉಚ್ಚರಿಸುವುದು ಎಂಬುದು ಅವನ ತಕರಾರು. ಶಾಲೆಯಲ್ಲಿ ರಕಾರಕ್ಕೆ ಬೆತ್ತ ಕಾದಿದ್ದ ಹುಡುಗ ಎಷ್ಟೋ ವರ್ಷಗಳ ಮೇಲೂ ಪದವನ್ನು ನಾಲಿಗೆಯಲ್ಲಿಟ್ಟು ನೋಡಿಯೇ ಒಪ್ಪುತ್ತಿದ್ದ.

ಗಣಿತ ಅವನಿಗೆ ಕೊನೆಗೂ ಒಲಿಯಲಿಲ್ಲ. ಅವನು ಬಲರೇಖೆಗಳೆಂದು ಚಿತ್ರದಲ್ಲಿ ಕಂಡದ್ದನ್ನು ಸಮೀಕರಣಕ್ಕೆ ಇಳಿಸಲು ಮ್ಯಾಕ್ಸ್‌ವೆಲ್ ಬರಬೇಕಾಯಿತು. 1840ರ ಸುಮಾರಿಗೆ ತಲೆಸುತ್ತು, ಮರೆವು ಕಾಡತೊಡಗಿ ಕೆಲವು ವರ್ಷ ಕೆಲಸವೇ ನಿಂತಿತು. ಚೇತರಿಸಿಕೊಂಡು 1845ರಲ್ಲಿ ಕಾಂತವು ಬೆಳಕಿನ ಮೇಲೆ ಪರಿಣಾಮ ಬೀರುವುದನ್ನು ತೋರಿಸಿದ. ಆದರೆ ಮರೆವು ಬಿಡಲಿಲ್ಲ. ನಾಲ್ಕು ದಶಕ ತರಗತಿಯ ಮುಂದೆ ನಿಂತವನಿಗೆ ಮಾತಿನ ನಡುವೆ ಪದ ಸಿಗದಂತಾಗುವುದು ಎಂಥ ಸಂಕಟವೆಂದು ನಾವು ಊಹಿಸಬಹುದು. ಸರ್ ಪದವಿಯನ್ನು ನಿರಾಕರಿಸಿದ, ರಾಯಲ್ ಸೊಸೈಟಿಯ ಅಧ್ಯಕ್ಷತೆಯನ್ನೂ ಒಲ್ಲೆನೆಂದ. 1858ರಲ್ಲಿ ವಿಕ್ಟೋರಿಯಾ ರಾಣಿ ಹ್ಯಾಂಪ್ಟನ್ ಕೋರ್ಟಿನಲ್ಲಿ ಕೊಟ್ಟ ಮನೆಯಲ್ಲಿ ಕೊನೆಯ ವರ್ಷಗಳನ್ನು ಕಳೆದ. 1867ರ ಆಗಸ್ಟ್ 25ರಂದು ಕುರ್ಚಿಯಲ್ಲಿ ಕುಳಿತಂತೆಯೇ ತೀರಿಕೊಂಡ. ಹೈಗೇಟ್ ಸ್ಮಶಾನದ ಕಲ್ಲಿನ ಮೇಲೆ ಹೆಸರು, ಹುಟ್ಟಿದ ದಿನ, ಸತ್ತ ದಿನ ಇಷ್ಟೇ ಇವೆ. ಅವನು ಹುಟ್ಟಿ ಸರಿಯಾಗಿ ನೂರು ವರ್ಷಕ್ಕೆ, 1891ರಲ್ಲಿ, ಸ್ಟೋನಿ ಎಂಬ ವಿಜ್ಞಾನಿ ವಿದ್ಯುದಾವೇಶದ ಮೂಲಘಟಕಕ್ಕೆ ಎಲೆಕ್ಟ್ರಾನ್ ಎಂದು ಹೆಸರಿಟ್ಟ. ಅಂಬರಿನ ಹೆಸರು ಕಣಕ್ಕೆ ಬಂತು. ಆ ಕಣ ತಂತಿಯಲ್ಲಿ ಸಾಗುವುದು ನಾವು ಪ್ರವಾಹಕ್ಕೆ ಇಟ್ಟುಕೊಂಡ ದಿಕ್ಕಿಗೆ ಎದುರಾಗಿ ಎಂದು ಆಮೇಲೆ ತಿಳಿಯಿತು. ಆನೋಡ್, ಕ್ಯಾಥೋಡ್ ಎಂಬ ಹೆಸರುಗಳು ಆಗಲೂ ಹಾಗೇ ನಿಂತವು.

ಎರಡು ವಾರಗಳ ನಂತರ ಅದೇ ಪ್ರಶಿಕ್ಷಣಾರ್ಥಿ ಅದೇ ತರಗತಿಯಲ್ಲಿ ಪುನರ್ಬೋಧನೆ ಮಾಡಿದರು. ಈ ಸಲ ಪಾಠಯೋಜನೆಯನ್ನು ನಾವಿಬ್ಬರೂ ಕೂಡಿ ಬರೆದಿದ್ದೆವು. ಮೊದಲನೆಯ ಅವಧಿ, ಕಿಟಕಿಯಿಂದ ಬಿಸಿಲು ಬರುತ್ತಿತ್ತು. ಗಾಜಿನ ತೊಟ್ಟಿಯನ್ನು ಮೇಜಿನ ಮೇಲೆ ಪೂರ್ವ ಪಶ್ಚಿಮವಾಗಿ ಇಟ್ಟು, ಸೂರ್ಯ ಎಲ್ಲಿ ಮೂಡುತ್ತಾನೆ, ಎಲ್ಲಿ ಮುಳುಗುತ್ತಾನೆ ಎಂದು ಕೇಳಿ ಶುರುಮಾಡಿದರು. ತಾಮ್ರದ ಸಲ್ಫೇಟ್ ದ್ರಾವಣ, ಎರಡು ತಾಮ್ರದ ಪಟ್ಟಿ, ಬ್ಯಾಟರಿ. ಕಿಟಕಿಯ ಕಡೆಯ ಪಟ್ಟಿಗೆ ಮೂಡುದಾರಿ ಎಂಬ ಚೀಟಿ ಅಂಟಿಸಿ ಅದರ ಕೆಳಗೆ ಆನೋಡ್ ಎಂದು ಬರೆದರು. ಆಮೇಲೆ ಒಂದು ನಿಂಬೆಹಣ್ಣಿಗೆ ಸತುವಿನ ಪಟ್ಟಿಯನ್ನೂ ತಾಮ್ರದ ಪಟ್ಟಿಯನ್ನೂ ಚುಚ್ಚಿ ಗ್ಯಾಲ್ವನೋಮೀಟರಿಗೆ ಜೋಡಿಸಿದರು. ಹಣ್ಣಿನ ಒಳಗೆ ಪ್ರವಾಹ ಸತುವಿನಿಂದ ತಾಮ್ರಕ್ಕೆ ಎಂದು ಹೇಳಿ, ಹಾಗಾದರೆ ಈ ಹಣ್ಣನ್ನು ಮೇಜಿನ ಮೇಲೆ ಹೇಗೆ ತಿರುಗಿಸಿ ಇಡಬೇಕು ಎಂದು ಕೇಳಿದರು. ಎರಡನೆಯ ಸಾಲಿನ ಹುಡುಗಿ ಬಂದು ಸತುವಿನ ಪಟ್ಟಿಯನ್ನು ಕಿಟಕಿಯ ಕಡೆಗೆ ತಿರುಗಿಸಿ ಇಟ್ಟ��ು. ಮೈನಸ್ಸು ಎಂದು ಯಾರೋ ಹಿಂದಿನಿಂದ ಕೂಗಿದರು. ಅದು ತಂತಿಯ ಲೆಕ್ಕ ಎಂದು ಅವಳೇ ತಿರುಗಿ ಹೇಳಿದಳು.

ಅಷ್ಟರಲ್ಲಿ ಗಂಟೆ ಬಾರಿಸಿತು. ಮೌಲ್ಯಮಾಪನದ ಹಂತ ಉಳಿದೇ ಹೋಯಿತು, ಗೃಹಪಾಠ ಕೊಡಲಾಗಲಿಲ್ಲ. ವೀಕ್ಷಣಾ ಪುಸ್ತಕದಲ್ಲಿ ಅದನ್ನು ಬರೆಯಲೇಬೇಕಾಗಿತ್ತು, ಬರೆದೆ. ಅದರ ಕೆಳಗೆ, ಪಿಯುಸಿ ಓದುವ ಅಣ್ಣನ ಪುಸ್ತಕದ ಚಿತ್ರವನ್ನು ಮುಂದಿನ ಅವಧಿಗೆ ತರಲು ಹೇಳಿ ಎಂದು ಇನ್ನೊಂದು ಸಾಲು ಸೇರಿಸಿದೆ.